ಗೌಡರ ಮನೆಯ ಉಡಿ

ನೆಲೋಗಿಯ ಹೊಸ ಓಣಿಯ ಹೆಣ್ಣುಮಕ್ಕಳು ನಾಳೆ ಯಾರ ಹೊಲಕ್ಕೆ ಕೂಲಿಗೆ ಹೋಗುವುದೆಂಬುದನ್ನು ಬೋರಿಂಗಿನ ಕಟ್ಟೆಯ ಹತ್ತಿರ ಗೊತ್ತು ಮಾಡಿಕೊಳ್ಳುತ್ತಿದ್ದರು. ಇಬ್ಬರು ಒಕ್ಕಲಿಗರು ಒಂದೇ ದಿನಕ್ಕೆ ಆಳು ಬೇಕೆಂದು ಹೇಳಿ ಕಳಿಸಿದರೆ ಗುರುಬಾಯಿ ಹಿಂದಿನ ದಿನವೇ ಇಬ್ಬರ ಮನೆಗೂ ಹೋಗಿ ಬರುವಳು. ಹೊಲ ಎಷ್ಟು ದೂರ, ಕುಡಿಯುವ ನೀರು ಅವರು ಒದಗಿಸುತ್ತಾರೋ ನಾವೇ ಹೊತ್ತುಕೊಂಡು ಹೋಗಬೇಕೋ, ಕೂಲಿ ಜೋಳವೋ ರೊಕ್ಕವೋ, ಬದುವಿನ ಮೇಲೆ ನಿಂತು ನೋಡುವವನು ಒಕ್ಕಲಿಗನೋ ಅವನ ಬಾಯಿಬಡುಕ ಮಗನೋ, ಎಲ್ಲ ಕೇಳಿಕೊಂಡು ಬಂದು ಕೊಡ ತುಂಬುವ ಹೊತ್ತಿಗೆ ಹೇಳುವಳು. ಇವರು ಹಿಂಗಂದರು, ಅವರು ಹಿಂಗಂದರು. ತನಗೆ ಯಾವುದು ಸರಿ ಕಂಡಿತೆಂದು ಯಾರಾದರೂ ಕೇಳುವ ತನಕ ಬಾಯಿ ಬಿಡುತ್ತಿರಲಿಲ್ಲ. ಕೇಳಿದ ಮೇಲೆ ಒಂದು ಮಾತಿನಲ್ಲಿ ಹೇಳುವಳು. ಗುಂಪು ಅತ್ತ ಕಡೆಗೇ ನಡೆಯುವುದು. ಹೊಲದಲ್ಲಿ ಮೊದಲನೇ ಸಾಲು ಹಿಡಿಯುವವಳೂ ಗುರುಬಾಯಿಯೇ.

ಗಂಡ ತೀರಿಕೊಂಡ ವರ್ಷದಿಂದ ಅವಳು ಈ ಕೆಲಸ ನಡೆಸಿಕೊಂಡು ಬಂದಿದ್ದಳು. ಅವಳಿಗೆ ಹೊಲವಿಲ್ಲ, ಮಕ್ಕಳಿಲ್ಲ. ಇಬ್ಬರ ಮಾತನ್ನೂ ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ ಅನ್ನುವ ಹೆಸರೊಂದು ಇತ್ತು.

ಮೂರು ವರ್ಷ ತುಂಬುವುದರೊಳಗೆ ಎರಡನೇ ಸಲ ದಿಲ್ಲಿಯ ಓಟು ಬಂತು. ಎಳ್ಳಮಾವಾಸ್ಯೆ ಮುಗಿದು ತೊಗರಿ ಕೊಯ್ಲು ನಡೆದಿತ್ತು. ಬಿಸಿಲೇರಿದರೆ ಕಾಯಿ ಸಿಡಿದು ಕಾಳು ನೆಲದ ಪಾಲಾಗುತ್ತದೆಂದು ಇಬ್ಬನಿ ಇರುವಾಗಲೇ ಕೊಯ್ಯಬೇಕು. ಹಾಗಾಗಿ ಹೆಣ್ಣುಮಕ್ಕಳು ನಸುಕಿನಲ್ಲೇ ಮನೆ ಬಿಡುತ್ತಿದ್ದರು. ಬೇರೆ ದಿನಗಳಲ್ಲಿ ಕೂಸುಗಳನ್ನು ಹೊಲಕ್ಕೆ ಒಯ್ದು ಗಿಡಕ್ಕೆ ಜೋಳಿಗೆ ಕಟ್ಟಿ ಮಲಗಿಸುವುದು ರೂಢಿ. ಆದರೆ ಆ ಚಳಿಯಲ್ಲಿ, ಆ ಇಬ್ಬನಿಯಲ್ಲಿ ಅದು ಆಗದ ಮಾತು. ತೊಗರಿಯ ದಿನಗಳಲ್ಲಿ ಮನೆಯಲ್ಲಿ ಮುದುಕಿಯರಿದ್ದವರು ಪುಣ್ಯವಂತರು.

ಅಂಬುಬಾಯಿಯ ಅತ್ತೆ ಆ ಮಳೆಗಾಲದಲ್ಲಿ ಸತ್ತಿದ್ದಳು. ಗಂಡ ಅಫಜಲಪುರದ ಕಡೆ ಬಾವಿ ತೋಡುವ ಕೆಲಸಕ್ಕೆ ಹೋದವನು ಅಮಾವಾಸ್ಯೆಗೊಮ್ಮೆ ಬರುತ್ತಿದ್ದ. ಮನೆಯಲ್ಲಿ ಉಳಿದವರು ಎರಡನೇ ಇಯತ್ತೆ ಓದುವ ಮಗಳು ರುಕ್ಮಿಣಿ ಮತ್ತು ಅಂಬೆಗಾಲಿಡುವ ಕೂಸು. ತೊಗರಿ ಶುರುವಾದಾಗಿನಿಂದ ಅವಳು ಒಂದೊಂದು ದಿನ ಒಬ್ಬೊಬ್ಬರ ಮನೆಯಲ್ಲಿ ಕೂಸು ಬಿಟ್ಟು ಬರುತ್ತಿದ್ದಳು. ಕೇಳಿ ಕೇಳಿ ಅವಳಿಗೇ ನಾಚಿಕೆಯಾಗಿತ್ತು.

"ಅತ್ತೀ, ಹೊಲದ ಸುದ್ದಿ ತರೋಹಂಗ ಈ ಓಟಿನ ಸುದ್ದೀನೂ ತಗೊಂಡ್ ಬಾ" ಅಂದಳು ಅಂಬುಬಾಯಿ ಗುರುಬಾಯಿಗೆ, ಕೊಡ ಎತ್ತುತ್ತ. "ಓಟಿಗೆ ನಿಂತ ಇಬ್ರೂ ಜೇವರ್ಗಿಯಾಗ ಇರ್ತಾರಂತ. ಒಬ್ಬೊಬ್ಬರ ಮನಿಗೆ ಹೋಗಿ ಕೇಳು."

"ಕೇಳೋದೇನದ ಬೇ" ಅಂದಳು ಚಾಂದಬೀ. ಬಾಯಿ ಸುಮ್ಮನಿರದ ಹೆಂಗಸು, ಕೊಯ್ಲಿನಲ್ಲಿ ಗುರುಬಾಯಿಯ ಬೆನ್ನಿಗೇ ಇರುವವಳು. "ಗೌಡ್ರು ಬಂದ್ರ ಗೌಡ್ರ ಹೊಲ ದೊಡ್ಡದಾಗ್ತದ. ವಕೀಲ ಬಂದ್ರ ವಕೀಲನ ಕೋಟು ಹೊಸದಾಗ್ತದ. ನಮ್ಮ ಕುಡಗೋಲು ಇದ್ದದ್ದs ಇದು."

"ಆದ್ರೂ ಕೇಳೋಣಲ್ಲ. ಕೂಲಿ ಕೇಳು ಅತ್ತಿ. ಗಂಡಸ್ರಿಗೊಂದು ನಮಗೊಂದು ಯಾಕಂತ ಕೇಳು. ಮತ್ತ ಬಾಲವಾಡಿ. ನಮ್ಮ ತವರೂರು ನರೋಣಾದಾಗ ಆಗ್ಯಾದ. ಮುಂಜಾನಿ ಕೂಸು ಬಿಟ್ಟು ಹೋದ್ರ ಮಧ್ಯಾಹ್ನತನ ನೋಡ್ಕೋತಾರ, ಉಪ್ಪಿಟ್ಟು ಕೊಡ್ತಾರ. ಇಲ್ಲಿ ಯಾರು ಮಾಡಿಸ್ತಾರ ಅವ್ರಿಗೆ ನಂದು ಓಟು." ಅಂಬುಬಾಯಿ ದನಿ ತಗ್ಗಿಸಿದಳು. "ಇಲ್ಲಾಂದ್ರ ರುಕ್ಮಿಣೀನ ಸಾಲಿ ಬಿಡಿಸಬೇಕು. ಬ್ಯಾರೆ ದಾರಿ ಇಲ್ಲ ನನಗ."

"ಕೇಳ್ತೇನಿ" ಅಂದಳು ಗುರುಬಾಯಿ. "ಇಬ್ರಿಗೂ ಕೇಳ್ತೇನಿ."

ತಕ್ಕಡಿ ಗುರುತಿನ ದೌಲತರಾಯ ಗೌಡರ ಪರವಾಗಿ ಊರಿನ ಹುಲೆಪ್ಪ ಟ್ರ್ಯಾಕ್ಟರ್ ಹೂಡಿದ್ದ. ಮರುದಿನ ಗುರುಬಾಯಿ ಅದರ ಹಿಂದಿನ ಡಬ್ಬಿಯಲ್ಲಿ ಕುಳಿತು ಜೇವರ್ಗಿಗೆ ಹೋದಳು. ಗೌಡರ ಮನೆಯ ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಆಳಂದ ಕಡೆಯ ಮಂದಿ, ಅಫಜಲಪುರದ ಕಡೆಯ ಮಂದಿ, ಜೀಪುಗಳು, ಬಾವುಟಗಳು. ಗೌಡರು ಕಟ್ಟೆಯ ಮೇಲೆ ಕುಳಿತು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದರು. ಗುರುಬಾಯಿ ತನ್ನ ಸರದಿಗೆ ಕಾದು ಮುಂದೆ ಹೋಗಿ ನಿಂತಳು.

"ಯಪ್ಪಾ, ನೆಲೋಗಿ ಹೊಸ ಓಣಿಯಿಂದ ಬಂದೀನ್ರಿ. ನಾವು ಕೂಲಿ ಹೆಣ್ಮಕ್ಕಳು. ನಮಗ ಗಂಡಸರಿಗಿಂತ ಕೂಲಿ ಕಡಿಮಿ ಕೊಡ್ತಾರ್ರಿ."

"ಆಗ್ತದ ತಾಯಿ, ಎಲ್ಲಾ ಆಗ್ತದ."

"ತೊಗರಿ ಕೊಯ್ಲಾಗ ಕೂಸುಗಳ್ನ ಬಿಟ್ಟು ಹೋಗಾಕ ಜಾಗ ಇಲ್ರಿ. ಒಂದು ಬಾಲವಾಡಿ..."

ಗೌಡರು ಸುತ್ತಲಿದ್ದ ಗಂಡಸರ ಕಡೆ ನೋಡಿ ನಕ್ಕರು. ಕೆಟ್ಟ ನಗೆಯಲ್ಲ, ಮದುವೆಮನೆಯಲ್ಲಿ ನಗುತ್ತಾರಲ್ಲ ಅಂಥದ್ದು. "ಏನಂತೀರಿ? ಹಡದ ಕೂಸು ಆಡ್ಸಾಕೂ ಸರಕಾರ ಬರಬೇಕಂತ!" ಗಂಡಸರೆಲ್ಲ ನಕ್ಕರು. ಹುಲೆಪ್ಪನಂತೂ ಕೆಮ್ಮು ಬರುವ ತನಕ ನಕ್ಕ. "ಹೋಗು ತಾಯಿ, ಒಳಗ ಊಟ ಮಾಡ್ಕೊಂಡು ಹೋಗು. ಎಲ್ಲಾ ಆಗ್ತದ."

ಒಳಗಿನ ಪಡಸಾಲೆಯಲ್ಲಿ ಊಟವಾಯಿತು. ಎಣ್ಣೆಗಾಯಿ, ರೊಟ್ಟಿ, ಹುಗ್ಗಿ. ಊಟ ಮುಗಿಸಿ ಎದ್ದ ಹೆಣ್ಣುಮಕ್ಕಳನ್ನು ಗೌಡರ ಹೆಂಡತಿ ಶಾರದಾಬಾಯಿ ಒಬ್ಬೊಬ್ಬರನ್ನಾಗಿ ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಿದ್ದರು. ಗುರುಬಾಯಿ ಗೋಡೆಗೆ ಆತು ಬಾಗಿಲಿನ ಕಡೆ ಸರಿದಳು. ಇಂಥ ಹೊತ್ತಿನಲ್ಲಿ ಎಲ್ಲಿ ನಿಲ್ಲಬೇಕೆಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನೀ ಯಾಕ ಹೊಂಟಿ? ಬಾ ಇಲ್ಲಿ" ಅಂದರು ಶಾರದಾಬಾಯಿ.

"ನಾ ಬ್ಯಾಡ್ರಿ ಅವ್ವಾರ. ನಾ... ನಮ್ಮವರು ಇಲ್ರಿ."

ಶಾರದಾಬಾಯಿ ಅವಳ ಬರಿ ಹಣೆಯನ್ನು, ಬರಿ ಕೈಯನ್ನು ನೋಡಿದರು. ಕೈಯಲ್ಲಿ ಹಿಡಿದ ಅಕ್ಕಿಯ ಮೊರವನ್ನು ಕೆಳಗಿಡಲಿಲ್ಲ.

"ಕೊರಳಾಗ ಲಿಂಗ ಅದ ಏನು?"

"ಅದ ರೀ."

"ಲಿಂಗ ಇದ್ದಾಕಿಗೆ ಗಂಡ ಸತ್ತಾನಂತ ಯಾರಂದ್ರು ನಿನಗ? ಬಸವಣ್ಣನ ಮನಿ ಇದು. ಕೂಡು."

ಗುರುಬಾಯಿ ಕೂತಳು. ಶಾರದಾಬಾಯಿ ಅವಳ ಹಣೆಗೆ ಕುಂಕುಮ ಇಟ್ಟರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಹಸಿರು ಖಣ, ಒಂದೊಂದನ್ನೇ ಅವಳ ಸೆರಗಿಗೆ ಹಾಕಿದರು. ಸುತ್ತಲಿದ್ದ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡದ್ದನ್ನು ಅವರು ಕಂಡೂ ಕಾಣದವರ ಹಾಗೆ ಇದ್ದರು. ಓಟಿನ ಮಾತೇ ಎತ್ತಲಿಲ್ಲ. "ಆರೋಗ್ಯ ನೋಡ್ಕೋವಾ, ಬಾಳ ಸೊರಗಿ" ಅಂದರು, ಅಷ್ಟೆ. ಗುರುಬಾಯಿ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಎದ್ದಳು. ಗಂಡ ಹೋದ ಮೇಲೆ ಸ್ವಂತ ಅಣ್ಣನ ಹೆಂಡತಿಯೂ ಅವಳಿಗೆ ಉಡಿ ತುಂಬಿರಲಿಲ್ಲ. ಆ ಅಣ್ಣನ ಮಗಳ ಮದುವೆಯಲ್ಲಿ ಅವಳು ದನದ ಕೊಟ್ಟಿಗೆಯ ಪಕ್ಕ ರೊಟ್ಟಿ ಬಡಿಯುತ್ತ ಕುಳಿತಿದ್ದಳು.

ಉಡಿ ತುಂಬಿಸಿಕೊಂಡ ಮನೆ ತವರುಮನೆಗೆ ಸಮ. ಆ ಮನೆಗೆ ಕೇಡು ಬಗೆಯುವ ಹಾಗಿಲ್ಲ, ಆ ಮನೆಯವರ ವಿರುದ್ಧ ನಾಲಿಗೆ ಆಡಿಸುವ ಹಾಗಿಲ್ಲ. ಇದನ್ನು ಅವಳಿಗೆ ಯಾರೂ ಕೂರಿಸಿ ಕಲಿಸಿರಲಿಲ್ಲ. ನಡೆಯುವುದು ಗೊತ್ತಾದ ಹಾಗೆ ಗೊತ್ತಾಗಿತ್ತು.

ಉಡಿಯನ್ನು ಸೊಂಟಕ್ಕೆ ಕಟ್ಟಿಕೊಂಡೇ ಅವಳು ದೇವೀಂದ್ರಪ್ಪ ವಕೀಲರ ಕೋಣೆ ಹುಡುಕಿಕೊಂಡು ಹೋದಳು. ಇಬ್ಬರಿಗೂ ಕೇಳುತ್ತೇನೆಂದು ಓಣಿಗೆ ಮಾತು ಕೊಟ್ಟು ಬಂದಿದ್ದಳಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಪಾನಪಟ್ಟಿ ಅಂಗಡಿ, ಅದರ ಮೇಲಿನ ಮಾಳಿಗೆಯಲ್ಲಿ ಕೋಣೆ. ಗೋಡೆಗೆ ಕಂದೀಲಿನ ಗುರುತಿನ ಕಾಗದ ಹಚ್ಚಿದ್ದರು, ಒಂದು ಮೂಲೆ ಕಿತ್ತು ಜೋತಾಡುತ್ತಿತ್ತು. ವಕೀಲರು ಮಂಡಕ್ಕಿ ತಿನ್ನುತ್ತ ಏನೋ ಓದುತ್ತಿದ್ದರು. ಕೂಡು ಅನ್ನಲಿಲ್ಲ, ನೀರು ಬೇಕೇ ಅನ್ನಲಿಲ್ಲ. ಅವಳು ಬಾಗಿಲಲ್ಲೇ ನಿಂತು ಕೇಳಿದಳು.

"ಕೂಲಿ ಏರಿಸ್ತೇನಿ ಅಂತ ನಾ ಹೇಳಂಗಿಲ್ಲಮ್ಮ. ಹೇಳಿದ್ರ ಸುಳ್ಳಾಗ್ತದ" ಅಂದರು ವಕೀಲರು, ಓದುತ್ತಿದ್ದದ್ದರಿಂದ ಕಣ್ಣೆತ್ತದೆ. "ಕಾಯ್ದೆ ಮೊದಲs ಅದ. ಗಂಡಸರಿಗೂ ಹೆಂಗಸರಿಗೂ ಸರಿಸಮ ಕೊಡಬೇಕಂತ ಕಾಯ್ದೆ ಅದ. ಜಾರಿ ಮಾಡೋರಿಲ್ಲ. ಅದಕ್ಕ ಜಗಳಾಡಬೇಕಾಗ್ತದ, ಬಾಳ ದಿನ ಹಿಡೀತದ. ಮತ್ತೇನು?"

"ಕೂಸುಗಳಿಗೆ ಬಾಲವಾಡಿ ರೀ."

ಆಗ ಕಣ್ಣೆತ್ತಿದರು. "ಈಗ ಎಲ್ಲಿ ಬಿಟ್ಟು ಹೋಗ್ತೀರಿ ಕೂಸುಗಳ್ನ?"

ಅವಳು ಹೇಳಿದಳು. ಅಂಬುಬಾಯಿಯದೂ ಹೇಳಿದಳು, ರುಕ್ಮಿಣಿಯದೂ ಹೇಳಿದಳು. ವಕೀಲರು ಮಂಡಕ್ಕಿಯ ಪುಡಿಕೆಯನ್ನು ಮಡಚಿ ಬದಿಗಿಟ್ಟರು.

"ನೋಡಮ್ಮ, ಇದು ದಿಲ್ಲಿಯಿಂದ ತರೋದಲ್ಲ. ಇಲ್ಲೇ ಬ್ಲಾಕ್ ಆಫೀಸಿನ್ಯಾಗ ಆಗೋ ಕೆಲಸ. ಈ ಸಲ ತಾಲೂಕಿಗೆ ಹೊಸಾ ಬಾಲವಾಡಿ ಬಂದಾವ. ಯಾವ ಊರಿಗೆ ಅಂತ ಸಂಕ್ರಾಂತಿಯೊಳಗ ಗೊತ್ತು ಮಾಡ್ತಾರ. ಯಾರೂ ಕೇಳದಿದ್ರ ಯಾವನಾದ್ರೂ ಗೌಡನ ಮನಿ ಮುಂದ ಹೋಗಿ ಕೂಡ್ತದ. ನಿಮ್ಮ ಓಣಿ ತಾಯಂದಿರು ಕೂಸು ಎತ್ಕೊಂಡು ಬಂದು ಸಾಹೇಬನ ಮುಂದ ನಿಂದ್ರಿ. ಒಬ್ಬಿಬ್ಬರಲ್ಲ, ಎಲ್ರೂ ಬರಬೇಕು. ನಾ ಸಂಗಡ ಬರ್ತೇನಿ. ಗೆದ್ರೂ ಬರ್ತೇನಿ, ಸೋತ್ರೂ ಬರ್ತೇನಿ." ಆಮೇಲೆ ಅವರ ಕಣ್ಣು ಅವಳ ಹಣೆಯ ಮೇಲೆ, ಉಬ್ಬಿದ ಸೆರಗಿನ ಮೇಲೆ ಬಿತ್ತು. "ಗೌಡರ ಮನ್ಯಾಗ ಊಟ ಆಯ್ತೇನು? ಚಲೋ ಆಯ್ತು ಬಿಡು, ನನ್ನ ಹತ್ರ ಮಂಡಕ್ಕಿ ಅಷ್ಟs ಅದ."

ಚುಚ್ಚಿ ಆಡಿದ ಮಾತಾಗಿರಲಿಲ್ಲ. ಆದರೂ ಗುರುಬಾಯಿ ಸೆರಗನ್ನು ಇನ್ನಷ್ಟು ಒಳಗೆ ಒತ್ತಿಕೊಂಡು ಮೆಟ್ಟಿಲಿಳಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಎರಡು ಮಾತನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡಳು. ದಿನಾ ಮಾಡುವ ಕೆಲಸವೇ. ಇವರು ಹಿಂಗಂದರು, ಅವರು ಹಿಂಗಂದರು. ಇದ್ದ ಹಾಗೆ ಹೇಳಿದರೆ ಮುಂದೇನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಓಣಿಯ ಒಂದು ಓಟೂ ಗೌಡರ ಕಡೆ ಹೋಗುವುದಿಲ್ಲ. ಸೆರಗಿನ ಅಕ್ಕಿ ಇನ್ನೂ ಸೊಂಟಕ್ಕೆ ಬೆಚ್ಚಗೆ ಹತ್ತುತ್ತಿತ್ತು. ಊರು ಹತ್ತಿರವಾಗುತ್ತಿದ್ದಂತೆ ಅವಳು ಹೆಬ್ಬೆರಳಿಗೆ ಉಗುಳು ಹಚ್ಚಿ ಹಣೆಯ ಕುಂಕುಮವನ್ನು ಒರೆಸಿದಳು. ಪೂರ್ತಿ ಹೋಯಿತೋ ಇಲ್ಲವೋ ಎಂದು ಮತ್ತೊಮ್ಮೆ ಸೆರಗಿನಿಂದ ಒರೆಸಿದಳು. ಒರೆಸುವಾಗ ಯಾರನ್ನೋ ಮನೆಯಿಂದ ಹೊರಗೆ ಹಾಕಿದ ಹಾಗೆನಿಸಿತು.

ಮರುದಿನ ನಸುಕಿನಲ್ಲಿ ಬೋರಿಂಗಿನ ಹತ್ತಿರ ಎಲ್ಲರೂ ಕುಡಗೋಲು, ಬುತ್ತಿಗಂಟು ಹಿಡಿದು ನಿಂತಿದ್ದರು.

"ಹೇಳು ಬೇ ದಿಲ್ಲಿ ಸುದ್ದಿ" ಅಂದಳು ಚಾಂದಬೀ. "ಗೌಡ್ರು ಹುಗ್ಗಿ ಉಣಿಸಿದ್ರಂತ, ಹುಲೆಪ್ಪ ಹೇಳಿದ. ನಮಗೊಂದು ಹಿಡಿ ಸೆರಗಿಗೆ ಕಟ್ಟಿಕೊಂಡು ಬರಬೇಕಿಲ್ಲ?"

ಸೆರಗು ಅಂದ ಕೂಡಲೇ ಗುರುಬಾಯಿ ಕೈಯನ್ನು ಸೊಂಟಕ್ಕೆ ಒಯ್ದಳು. ಚಾಂದಬೀಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ಆಡಿದ್ದಳು.

"ಗೌಡ್ರು ಎಲ್ಲಾ ಆಗ್ತದ ಅಂದ್ರು" ಅಂದಳು ಗುರುಬಾಯಿ. "ವಕೀಲ್ರು ಕೂಲಿ ಏರಿಸ್ತೇನಿ ಅಂತ ಹೇಳಂಗಿಲ್ಲ ಅಂದ್ರು."

"ಹಂಗಂದ್ರಾ? ಮಾರಿ ಮ್ಯಾಗs?"

"ಹೂಂ."

ಅದು ಸುಳ್ಳಲ್ಲ. ಎರಡೂ ಅವರವರ ಬಾಯಿಂದ ಬಂದ ಮಾತುಗಳೇ. ಅಂಬುಬಾಯಿ ಮುಂದೆ ಬಂದಳು.

"ಕೂಸಿಂದು ಅತ್ತಿ? ಬಾಲವಾಡಿದು?"

ಗುರುಬಾಯಿ ಬೋರಿಂಗಿನ ಹಿಡಿಕೆಯನ್ನು ನೋಡಿದಳು. ಯಾರೋ ಅದನ್ನು ಹಾಗೇ ಮೇಲಕ್ಕೆತ್ತಿ ಬಿಟ್ಟಿದ್ದರು.

"ಇಬ್ರೂ ಏನೂ ಹೇಳ್ಲಿಲ್ಲ ತಂಗಿ."

"ಕೇಳಿದೆಲ್ಲ?"

"ಕೇಳ್ದೆ. ಇಬ್ರಿಗೂ ಕೇಳ್ದೆ."

ಅಂಬುಬಾಯಿ ತಲೆಯಾಡಿಸಿದಳು. ಮತ್ತೆ ಕೇಳಲಿಲ್ಲ. ಗುರುಬಾಯಿ ಕೇಳಿದ್ದೇನೆ ಅಂದ ಮೇಲೆ ಕೇಳಿರುತ್ತಾಳೆ. ಏನೂ ಹೇಳಲಿಲ್ಲ ಅಂದ ಮೇಲೆ ಹೇಳಿರುವುದಿಲ್ಲ. "ನಿನಗ್ಯಾವುದು ಚಲೋ ಅನಸ್ತದ?" ಎಂದು ಯಾರೋ ಕೇಳಿದರು. "ತಕ್ಕಡಿ" ಅಂದಳು ಗುರುಬಾಯಿ. ಗುಂಪು ಹೊಲದ ಕಡೆ ನಡೆಯಿತು.

ಆ ಮಾತು ಮುಗಿಯಿತೆಂದೇ ಅವಳು ಅಂದುಕೊಂಡಿದ್ದಳು. ನಾಲ್ಕಾರು ದಿನ ಕಳೆದ ಮೇಲೆ, ಕೊಯ್ಲು ಮುಗಿಸಿ ಬಂದವಳು ಅಂಬುಬಾಯಿಯ ಮನೆಯ ಮುಂದೆ ಹಾದುಹೋಗುವಾಗ, ಕಟ್ಟೆಯ ಮೇಲೆ ರುಕ್ಮಿಣಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಳು. ಶಾಲೆ ಬಿಡುವ ಹೊತ್ತಿನ್ನೂ ಆಗಿರಲಿಲ್ಲ. ಅತ್ತ ಹನುಮಂತ ದೇವರ ಗುಡಿಯ ಪಕ್ಕದ ಶಾಲೆಯಿಂದ ಮಕ್ಕಳು ಮಗ್ಗಿ ಒದರುವುದು ಕೇಳುತ್ತಿತ್ತು.

"ಇವತ್ತು ಸಾಲಿ ಇಲ್ಲೇನು?"

"ಸಾಲಿ ಬಿಟ್ಟೆ ಆಯಿ!" ಅಂದಳು ಹುಡುಗಿ, ಹಲ್ಲು ಬಿದ್ದ ಬಾಯಿ ತುಂಬ ನಗುತ್ತ. "ಇನ್ನ ಹೋಗಂಗೇ ಇಲ್ಲ. ಮಾಸ್ತರ ಛಡಿ ಏಟೂ ಇಲ್ಲ, ಮಗ್ಗೀನೂ ಇಲ್ಲ. ಅವ್ವ ನನಗ ಕರಿಮಣಿ ಸರ ಕೊಡಿಸ್ತಾಳಂತ."

ಹುಡುಗಿ ಅತ್ತಿದ್ದರೆ ಗುರುಬಾಯಿ ಏನಾದರೂ ಸಮಾಧಾನ ಹೇಳಿ ಮುಂದೆ ಹೋಗುತ್ತಿದ್ದಳೋ ಏನೋ. ಆ ಸಂತೋಷಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ. ಕೂಸಿನ ಮೂಗು ಸೋರುತ್ತಿತ್ತು. ರುಕ್ಮಿಣಿ ಅದನ್ನು ತನ್ನ ಲಂಗದ ಅಂಚಿನಿಂದ ದೊಡ್ಡವರ ಹಾಗೆ ಒರೆಸಿದಳು.

ಮನೆಗೆ ಬಂದು ಗುರುಬಾಯಿ ಒಲೆ ಹಚ್ಚಲಿಲ್ಲ. ಗೌಡರ ಮನೆಯ ಅಕ್ಕಿಯನ್ನು ಅವಳು ಅಂದೇ ಗಡಿಗೆಗೆ ಹಾಕಿ ಮುಚ್ಚಿಟ್ಟಿದ್ದಳು. ಬೇಯಿಸಲು ಮನಸ್ಸಾಗಿರಲಿಲ್ಲ, ಯಾರಿಗೂ ಕೊಡಲೂ ಆಗಿರಲಿಲ್ಲ. ಶಾರದಾಬಾಯಿ ಏನು ತಪ್ಪು ಮಾಡಿದರು? ಏನೂ ಇಲ್ಲ. ಅವರು ಓಟು ಕೇಳಲೇ ಇಲ್ಲ. ಕೇಳಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ನಕ್ಕವರು ಗೌಡರು. ಆದರೆ ಗೌಡರ ನಗೆಯನ್ನು ಓಣಿಗೆ ಹೇಳಿದರೆ ಶಾರದಾಬಾಯಿಯ ಮನೆಗೇ ಕೇಡು ಬಗೆದ ಹಾಗೆ. ಹೇಳದಿದ್ದರೆ ಈ ಹುಡುಗಿ. ಸಂಕ್ರಾಂತಿ ದೂರವಿರಲಿಲ್ಲ. ಓಟು ಮುಗಿದ ಮೇಲೆ ಹೇಳಿದರಾಯಿತು ಎಂದು ಒಂದು ಸಲ ಅಂದುಕೊಂಡಳು. ಆಗ ಅಂಬುಬಾಯಿ, ಮೊದಲೇ ಯಾಕ ಹೇಳ್ಲಿಲ್ಲ ಅಂದರೆ?

ಹೊಲದಲ್ಲಿ ಅವಳ ಕೈ ಹಿಂದೆ ಬೀಳತೊಡಗಿತು. ಮೊದಲನೇ ಸಾಲು ಹಿಡಿದವಳು ಮುಂದೆ ಹೋಗದಿದ್ದರೆ ಹಿಂದಿನ ಸಾಲುಗಳೆಲ್ಲ ನಿಲ್ಲಬೇಕಾಗುತ್ತದೆ.

"ಏನ್ ಬೇ, ತೊಗರಿ ಗಿಡದ ಜೊತಿ ಮಾತಾಡಾಕತ್ತಿಯೇನು?" ಅಂದಳು ಚಾಂದಬೀ. "ಗೌಡ್ರ ಹುಗ್ಗಿ ಇನ್ನೂ ಇಳಿದಿಲ್ಲ ಕಾಣ್ತದ."

ಎಲ್ಲರೂ ನಕ್ಕರು. ಗುರುಬಾಯಿಯೂ ನಗಲು ನೋಡಿದಳು.

ಓಟಿನ ಹಿಂದಿನ ದಿನ ಅವರು ಹಳ್ಳದ ದಂಡೆಯ ಹೊಲದಲ್ಲಿದ್ದರು. ಬಿಸಿಲೇರಿದ ಮೇಲೆ ಬೇವಿನ ಗಿಡದ ಬುಡದಲ್ಲಿ ಬುತ್ತಿ ಬಿಚ್ಚಿದರು. ಅಂಬುಬಾಯಿ ತನ್ನ ಪುಂಡಿಪಲ್ಯದಲ್ಲಿ ಒಂದು ಪಾಲು ತೆಗೆದು ಗುರುಬಾಯಿಯ ರೊಟ್ಟಿಯ ಮೇಲೆ ಹಾಕಿದಳು.

"ತಿನ್ನು ಅತ್ತಿ, ಬಾಳ ಸೊರಗಿ. ನನ್ನ ಸಲವಾಗಿ ಅಲ್ಲೀತನ ಹೋಗಿ ಇಬ್ಬರ ಮುಂದೂ ನಿಂತು ಕೇಳಿ ಬಂದಿ. ಅವ್ರು ಹೇಳ್ಲಿಲ್ಲಾಂದ್ರ ನೀ ಏನ್ ಮಾಡ್ತಿ. ಕೇಳೋರು ಯಾರಿದ್ರು ನನಗ?"

ಶಾರದಾಬಾಯಿ ಅಂದದ್ದೂ ಅದೇ ಮಾತು, ಬಾಳ ಸೊರಗಿ ಅಂತ. ಗುರುಬಾಯಿ ರೊಟ್ಟಿಯ ತುಣುಕನ್ನು ಬಾಯಿಗೆ ಹಾಕಿಕೊಂಡಳು. ಒಂದೆರಡು ಸಲ ಅಗಿದಳು. ಅದನ್ನು ಕೈಗೆ ಉಗುಳಿ ಗಿಡದ ಬೇರಿನ ಹತ್ತಿರ ಇಟ್ಟಳು.

"ವಕೀಲ್ರು ಹೇಳಿದ್ರು" ಅಂದಳು.

"ಏನು?"

"ಬಾಲವಾಡಿದು. ಹೇಳಿದ್ರು ಅಂಬೂ. ನಾ ಸುಳ್ಳ ಹೇಳ್ದೆ."

ಆಮೇಲೆ ನಿಲ್ಲಿಸಲಿಲ್ಲ. ಬ್ಲಾಕ್ ಆಫೀಸಿನದು, ಹೊಸದಾಗಿ ಬಂದದ್ದು, ತಾಯಂದಿರು ಕೂಸು ಎತ್ತಿಕೊಂಡು ಹೋಗಿ ನಿಲ್ಲಬೇಕಾದದ್ದು, ಗೆದ್ದರೂ ಸೋತರೂ ಬರುತ್ತೇನೆ ಅಂದದ್ದು. ಕಾಯ್ದೆಯ ಮಾತು. ಗೌಡರು ನಕ್ಕದ್ದು, ಯಾವ ಮಾತಿಗೆ ನಕ್ಕರೋ ಅದು. ಅಷ್ಟು ಹೇಳಿ, ಇನ್ನು ಉಳಿದದ್ದನ್ನೂ ಹೇಳಿದಳು. ಮಣೆ, ಕುಂಕುಮ, ಉಡಿ.

ಹಳ್ಳದ ಆಚೆ ಯಾರೋ ಎತ್ತಿಗೆ ಕೂಗುವುದು ಕೇಳಿತು.

"ಉಡಿ ತುಂಬಿಸಿಕೊಂಡ್ಯಾ?" ಅಂದಳು ಕೊನೆಗೆ ಚಾಂದಬೀ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ನಮಗ್ಯಾಕ ಹೇಳ್ಲಿಲ್ಲ ಬೇ? ನಾವೇನ್ ಬಡೀತಿದ್ದೆವಾ ನಿನ್ನ? ಖುಷಿ ಪಡ್ತಿದ್ದೆವು."

ಬೈಗುಳಕ್ಕೆ ಗುರುಬಾಯಿ ಸಿದ್ಧಳಾಗಿದ್ದಳು. ಈ ಮಾತಿಗೆ ಆಗಿರಲಿಲ್ಲ.

"ಅವ್ರು ಯಾರೂ ಮಾಡದ್ದು ಮಾಡಿದ್ರು. ಆ ಮನಿಗೆ ಎರಡು ಬಗೀಬಾರದಂತ..."

"ಆ ಮನಿಗೆ ಬಗೀಲಿಲ್ಲ" ಅಂದಳು ಅಂಬುಬಾಯಿ. ಅವಳು ರೊಟ್ಟಿಯ ಬಟ್ಟೆಯನ್ನು ಗಂಟು ಹಾಕುತ್ತಿದ್ದಳು, ನಿಧಾನವಾಗಿ, ಬಿಗಿಯಾಗಿ. "ಸಂಕ್ರಾಂತಿಯೊಳಗ ಅಂದ್ರಾ?"

"ಹೂಂ. ಸಂಕ್ರಾಂತಿಯೊಳಗ."

"ನನ್ನ ಹುಡುಗಿ ಸಾಲಿ ಬಿಟ್ಟು ಎಷ್ಟು ದಿನ ಆತು, ನೋಡ್ದಿಲ್ಲ?"

"ನೋಡ್ದೆ."

"ನೋಡಿ ಸುಮ್ನಿದ್ದಿ."

ಅಂಬುಬಾಯಿ ಎದ್ದಳು. ಕುಡಗೋಲು ತೆಗೆದುಕೊಂಡು ಹೊಲಕ್ಕೆ ನಡೆದು, ಗುರುಬಾಯಿ ಅರ್ಧಕ್ಕೆ ಬಿಟ್ಟಿದ್ದ ಮೊದಲನೇ ಸಾಲಿನಲ್ಲಿ ಬಗ್ಗಿದಳು. ಒಬ್ಬೊಬ್ಬರಾಗಿ ಉಳಿದವರೂ ಎದ್ದು ಅವಳ ಹಿಂದಿನ ಸಾಲುಗಳನ್ನು ಹಿಡಿದರು. ಗುರುಬಾಯಿ ಎಲ್ಲರ ಹಿಂದೆ, ಬದುವಿನ ಕಡೆಯ ಕೊನೆಯ ಸಾಲಿಗೆ ಹೋದಳು. ಅಲ್ಲಿ ಗಿಡಗಳು ಗಿಡ್ಡವಾಗಿದ್ದವು. ಸೊಂಟ ಹೆಚ್ಚು ಬಗ್ಗಬೇಕಾಗಿತ್ತು.

ಮರುದಿನ ಶಾಲೆಯಲ್ಲಿ ಓಟು. ಪ್ರತಿ ಸಲ ಗುಂಪು ಬೋರಿಂಗಿನ ಹತ್ತಿರ ಸೇರಿ ಒಟ್ಟಿಗೆ ಹೋಗುತ್ತಿತ್ತು. ಗುರುಬಾಯಿ ಹೋಗಿ ನಿಂತಾಗ ಅಲ್ಲಿ ಯಾರೂ ಇರಲಿಲ್ಲ. ಅವರವರು ಅವರವರ ಹೊತ್ತಿಗೆ ಹೋಗಿದ್ದರು. ಯಾರು ಯಾವುದಕ್ಕೆ ಒತ್ತಿದರೆಂದು ಯಾರೂ ಅವಳಿಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಶಾಲೆಯ ಬಾಗಿಲಲ್ಲಿ ಹುಲೆಪ್ಪ ಕೈ ಮುಗಿದ. "ಗುರುಬಾಯೀ, ಓಣಿ ಎಲ್ಲಾ ತಕ್ಕಡಿಗೇ ಹೌದಲ್ಲ? ಗೌಡ್ರಿಗೆ ನಾ ಹೇಳಿಬಿಟ್ಟೀನಿ."

"ಓಣಿ ಮಾತು ನನ್ನ ಕೈಯಾಗಿಲ್ಲೋ ಹುಲೆಪ್ಪಾ" ಅಂದು ಅವಳು ಒಳಗೆ ಹೋದಳು.

ತಟ್ಟಿಯ ಮರೆಯಲ್ಲಿ ಕಾಗದ ಹಾಸಿಕೊಂಡು ಓಟು ಒತ್ತುವ ಸಿಕ್ಕಾ ಹಿಡಿದು ನಿಂತಳು. ಒಂದು ಕಡೆ ಕಂದೀಲು, ಒಂದು ಕಡೆ ತಕ್ಕಡಿ, ನಡುವೆ ಅವಳಿಗೆ ಗೊತ್ತಿಲ್ಲದ ಇನ್ನಾವುದೋ ಚಿತ್ರಗಳು. ಓಣಿಯ ಓಟುಗಳು ಅವಳು ಕೊಡುವಂಥವಾಗಿರಲಿಲ್ಲ, ಕೊಡಲು ಹೋಗಿ ಕೆಡಿಸಿದ್ದಳು. ಇದೊಂದು ಅವಳದು. ವಕೀಲರ ಮಾತೇ ಹೆಚ್ಚಿನದು ಎಂಬುದರಲ್ಲಿ ಅವಳಿಗೆ ಅನುಮಾನ ಇರಲಿಲ್ಲ. ಯಾರಾದರೂ ಕೇಳಿದ್ದರೆ ಅದನ್ನೇ ಹೇಳುತ್ತಿದ್ದಳು. ಆದರೂ ಮಣೆಯ ಮೇಲೆ ಕೂತು ಸೆರಗೊಡ್ಡಿದವಳೂ ಅವಳೇ. ಹೊರಗಿನಿಂದ ಯಾರೋ, "ಜಲ್ದಿ ಮಾಡಮ್ಮ" ಅಂದರು. ಅವಳು ತಕ್ಕಡಿಯ ಮೇಲೆ ಒತ್ತಿದಳು. ಕಾಗದ ಮಡಚಿ ಪೆಟ್ಟಿಗೆಗೆ ಹಾಕಿದಳು. ಋಣ ತೀರಿದ ಹಾಗೆ ಅನ್ನಿಸಲಿಲ್ಲ.

ಹೊರಗೆ ಹೆಂಗಸರ ಪಾಳಿಯಲ್ಲಿ ಅಂಬುಬಾಯಿ ಕೂಸನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು. ಪಕ್ಕದಲ್ಲಿ ಹಾದುಹೋಗುತ್ತಿದ್ದ ಗುರುಬಾಯಿ, ಅವಳು ಮುಖ ತಿರುಗಿಸುತ್ತಾಳೆಂದುಕೊಂಡಿದ್ದಳು. ಅಂಬುಬಾಯಿ ತಿರುಗಿಸಲಿಲ್ಲ.

"ಯಾವುದಕ್ಕ ಒತ್ತಿದಿ?"

ಹೇಳದೆ ಹೋಗಬಹುದಿತ್ತು. ಕಂದೀಲು ಅಂದಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ತಕ್ಕಡಿಗೆ."

ಪಾಳಿಯಲ್ಲಿ ಮುಂದಿದ್ದವರಿಬ್ಬರು ಹಿಂತಿರುಗಿ ನೋಡಿದರು. ಅಂಬುಬಾಯಿ ಅವಳನ್ನೇ ನೋಡುತ್ತ ನಿಂತಳು. ಸಿಟ್ಟಿತ್ತೋ, ಇನ್ನೇನಿತ್ತೋ, ಗುರುಬಾಯಿಗೆ ತಿಳಿಯಲಿಲ್ಲ.

"ಬರೋ ಸೋಮವಾರ ಓಣಿಯವ್ರೆಲ್ಲಾ ಜೇವರ್ಗಿಗೆ ಹೊಂಟೀವಿ" ಅಂದಳು ಅಂಬುಬಾಯಿ. "ಮುಂಜಾನಿ ಬಸ್ಸಿಗೆ. ನೀನೂ ಬರಬೇಕು. ವಕೀಲರ ಕೋಣಿ ನೋಡಿದಾಕಿ ನೀ ಒಬ್ಬಾಕಿನs."

"ನಾನಾ? ಹೆಂಗ ಮಾರಿ ತೋರಸ್ಲಿ ಅಂಬೂ, ಆ ಮನುಷ್ಯಾಗ?"

"ನನಗ ತೋರಸಾಕತ್ತಿಯಲ್ಲ, ಹಂಗ."

ಬಾಗಿಲಲ್ಲಿದ್ದ ಪೊಲೀಸಿನವನು ಮುಂದಿನವರು ಬರಲಿ ಎಂದು ಕೈ ಮಾಡಿದ. ಅಂಬುಬಾಯಿ ಕೂಸನ್ನು ಸೊಂಟದಿಂದ ಬಿಡಿಸಿ ಗುರುಬಾಯಿಯ ಕಡೆ ಚಾಚಿದಳು.

"ಹಿಡಿ. ನನ್ನ ಪಾಳಿ ಬಂತು."

ಗುರುಬಾಯಿ ಹಿಡಿದಳು. ಕೂಸು ಅವಳ ಗುರುತು ಹತ್ತದೆ ಮೊದಲು ಬೆನ್ನು ಸೆಟೆಸಿತು, ಆಮೇಲೆ ಅಳತೊಡಗಿತು. ಅಳು ನಿಲ್ಲಿಸಲು ಅವಳು ಅದನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಿಸುತ್ತ, ಪಾಳಿಯವರೆಲ್ಲ ನೋಡುತ್ತಿದ್ದ ಹಾಗೆಯೇ, ಶಾಲೆಯ ಅಂಗಳದಲ್ಲಿ ಅತ್ತಿಂದಿತ್ತ ನಡೆಯತೊಡಗಿದಳು.